ಶಹಾಬಾದಿ ಕಲ್ಲಿನ ಮೋರಿ

ಊರಿಗೆ ಹೋದಾಗ ಜನ ಮುಂಬಯಿ ಬಗ್ಗೆ ಕೇಳುವ ಪ್ರಶ್ನೆಗಳು ಗೊತ್ತಿದ್ದವೇ. ಲೋಕಲ್ ಟ್ರೇನಿನಾಗ ನಿಂದರಲಿಕ್ಕಾದರೂ ಜಾಗ ಸಿಗತದೇನು, ಮಳೆಗಾಲದಾಗ ಹೆಂಗ ಮಾಡ್ತೀರಿ, ಮನೆಗೆ ಅವಾಗ ಎಷ್ಟು ಕೊಟ್ಟಿದ್ರಿ, ಈಗ ರೇಟು ಎಷ್ಟಾಗೇದ. ನಲವತ್ತು ವರ್ಷಗಳಲ್ಲಿ ಒಬ್ಬರಾದರೂ 'ಅರಿವಿ ಎಲ್ಲಿ ಒಗೀತೀರಿ, ಎಲ್ಲಿ ಒಣಗಸ್ತೀರಿ' ಎಂದು ಕೇಳಿದ್ದಿಲ್ಲ. ಹಿತ್ತಲು ಇದ್ದವರಿಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ, ಅದರಲ್ಲಿ ಅವರದೇನೂ ದೋಷವಿಲ್ಲ. ಆದರೆ ಪರಊರಿನಲ್ಲಿ ಸಂಸಾರ ಹೂಡಿದವರ ಅರ್ಧ ಚರಿತ್ರೆ ಈ ಒಗೆತದ ಜಾಗದಲ್ಲೇ ಇರುತ್ತದೆ. ಉಳಿದರ್ಧ ಸಾಲದ ಕಂತಿನಲ್ಲಿ. ಎರಡನೆಯದರ ಬಗ್ಗೆ ಬ್ಯಾಂಕಿನವನಾಗಿ ಬೇಕಾದಷ್ಟು ಬರೆದಿದ್ದೇನೆ, ಎಲ್ಲವೂ ಲೆಜ್ಜರಿನಲ್ಲಿ. ಇವತ್ತು ಮೊದಲನೆಯದರ ಬಗ್ಗೆ.

ನಮ್ಮದು ಧಾರವಾಡ. ಮನೆಯ ಹಿಂದೆ ಬಾವಿ, ಬಾವಿಯ ಪಕ್ಕ ಸೊಂಟದೆತ್ತರಕ್ಕಿಂತ ತುಸು ಕೆಳಗೆ ಒಂದು ಒಗೆಯುವ ಕಲ್ಲು, ಅದರಿಂದಾಚೆ ಪೇರಲ ಗಿಡದಿಂದ ಕರಿಬೇವಿನ ಗಿಡಕ್ಕೆ ಕಟ್ಟಿದ ತಂತಿ. ನಮ್ಮ ಕಡೆ ಅದಕ್ಕೆ 'ಒಗ್ಯಾಣ' ಅಂತಾರೆ. ಅವ್ವನ ದಿನ ಒಗ್ಯಾಣದಿಂದಲೇ ಶುರು. ನಮ್ಮೆಲ್ಲರ ಅರಿವಿಗೆ 501 ಬಾರ್ ಸೋಪು, ರೇಶಿಮೆ ಮಡಿಗೆ ಅಂಟುವಾಳದ ನೊರೆ, ಅಪ್ಪನ ಬಿಳಿ ಧೋತರಕ್ಕೆ ಕೊನೆಯಲ್ಲಿ ಒಂದು ಹನಿ ನೀಲಿ. ಬಾವಿಯ ನೀರು ಗಡಸು. ಬ್ಯಾಳಿ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಸೋಪನ್ನು ಮೊದಲು ತಾನು ತಿಂದು ಉಳಿದದ್ದನ್ನು ಅರಿವಿಗೆ ಬಿಡುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವ್ವನಿಗೆ ಕಾರಣ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಮಳೆನೀರು ಹಿಡಿದು ಇಡುತ್ತಿದ್ದಳು. ಮಡಿ ಅರಿವಿ ಮಾತ್ರ ತಂತಿಯ ಮೇಲಲ್ಲ. ಒಳಗೆ ಜಂತಿಗೆ ತೂಗುಬಿಟ್ಟ ಬಿದಿರಿನ ಗಳುವಿನ ಮೇಲೆ, ಕೋಲಿನಿಂದ ಎತ್ತಿ ಹಾಕಬೇಕು, ಕೋಲಿನಿಂದಲೇ ತೆಗೆಯಬೇಕು. ನಾವು ಹುಡುಗರು ಅದರ ಕೆಳಗೆ ತಲೆ ತಗ್ಗಿಸಿ ಓಡಾಡುತ್ತಿದ್ದೆವು.

1982ರಲ್ಲಿ ಎಂ.ಕಾಂ. ಮುಗಿಸಿದ ಮೇಲೆ ಬ್ಯಾಂಕಿಗೆ ಸೇರಿದೆ. ಮರುವರ್ಷವೇ ಮುಂಬಯಿಗೆ ವರ್ಗ. ಮಾಟುಂಗಾದಲ್ಲಿ ಐದು ಜನ ಸೇರಿ ಒಂದು ಖೋಲಿ. ಬಾಡಿಗೆ ಖೋಲಿಗಲ್ಲ, ಮಂಚಕ್ಕೆ. 'ಕಾಟ್ ಬೇಸಿಸ್' ಎನ್ನುತ್ತಿದ್ದರು. ಮಂಚಕ್ಕೆ ಬಾಡಿಗೆ ಕೊಟ್ಟವನಿಗೆ ಒಗೆಯುವ ಹಕ್ಕು ಇರಲಿಲ್ಲ. ಬನಿಯನ್ನು, ಟವೆಲ್ಲು ಸ್ನಾನದ ಜೊತೆಗೇ ಕದ್ದು ಹಿಂಡಿಕೊಳ್ಳುವುದು, ಶರ್ಟು ಪ್ಯಾಂಟು ಧೋಬಿಗೆ. ಕಾಲರಿನ ಒಳಗೆ ಆತ ಹಾಕುವ ಕಪ್ಪು ಗುರುತೇ ನಮ್ಮ ವಿಳಾಸ. ಹಿಂದೆ ಆ ಗುರುತನ್ನು ಕರಿಗೇರಿನ ರಸದಲ್ಲಿ ಹಾಕುತ್ತಿದ್ದರಂತೆ, ಎಷ್ಟು ಒಗೆದರೂ ಹೋಗದು. ಮಹಾಲಕ್ಷ್ಮಿ ಸ್ಟೇಶನ್ನಿನ ಸೇತುವೆಯ ಮೇಲೆ ನಿಂತು ಆ ಧೋಬಿಘಾಟ್ ಮೊದಲ ಸಲ ನೋಡಿದಾಗ, ಸಾಲು ಸಾಲು ಸಿಮೆಂಟಿನ ತೊಟ್ಟಿ, ಪ್ರತಿ ತೊಟ್ಟಿಗೂ ಒಂದು ಒಗೆಯುವ ಕಲ್ಲು, ಒಬ್ಬೊಬ್ಬ ಮನುಷ್ಯ. ಬ್ರಿಟಿಷರ ಕಾಲದ್ದು, ಈಗಲೂ ಇದೆ. ಈಗ ಅಲ್ಲಿಯೂ ದೊಡ್ಡ ಮಶೀನುಗಳು ಬಂದಿವೆ. ಆವತ್ತು ಊರಿಗೆ ಬರೆದ ಪತ್ರದಲ್ಲಿ 'ಇಲ್ಲಿ ಸಾವಿರಾರು ಮಂದಿಯ ಒಗ್ಯಾಣ ಒಂದೇ ಕಡೆ ಆಗ್ತದ' ಎಂದು ಬರೆದಿದ್ದೆ. ಅವ್ವ ಉತ್ತರ ಬರೆಸಿದ್ದಳು: 'ಎಲ್ಲಾರದೂ ಕೂಡಿಸಿ ಒಗದ್ರ ಮಡಿ ಹೆಂಗಾತು?'

ಮದುವೆಯಾದದ್ದು 1987ರಲ್ಲಿ. ಬಾಡಿಗೆ ಮನೆಗಳ ಮೇಲೆ ಬಾಡಿಗೆ ಮನೆ. 1992ರಲ್ಲಿ ಬ್ಯಾಂಕಿನ ಸಿಬ್ಬಂದಿ ಸಾಲದಲ್ಲಿ ಡೊಂಬಿವಿಲಿ ಪೂರ್ವದಲ್ಲಿ ಈ ಫ್ಲ್ಯಾಟು. ನಾಲ್ಕು ಮಾಳಿಗೆಯ ಕಟ್ಟಡ, ಲಿಫ್ಟ್ ಇಲ್ಲ, ನಮ್ಮದು ಮೂರನೆಯ ಮಾಳಿಗೆ. ಅಡಿಗೆಮನೆಗೆ ಹೊಂದಿಕೊಂಡು ಮೂರಡಿ ಅಗಲ, ಆರಡಿ ಉದ್ದದ ಒಂದು ಜಾಗ. ಬಿಲ್ಡರನ ನಕ್ಷೆಯಲ್ಲಿ ಅದು 'ವಾಶಿಂಗ್ ಪ್ಲೇಸ್'. ಇಲ್ಲಿಯ ಜನರ ಬಾಯಲ್ಲಿ 'ಮೋರಿ'. ನಮ್ಮಲ್ಲಿ ಮೋರಿ ಅಂದರೆ ರಸ್ತೆಯ ಕೊಳಚೆ ಹರಿಯುವ ಕಾಲುವೆ, ಇಲ್ಲಿ ಮೋರಿ ಅಂದರೆ ಪಾತ್ರೆ ತಿಕ್ಕುವ, ಅರಿವಿ ಒಗೆಯುವ ಮೂಲೆ. ಅವ್ವ ಮೊದಲ ಸಲ ಬಂದಾಗ ಪಕ್ಕದ ಮನೆಯವರು 'ಮೋರಿಯಲ್ಲಿ ಪಾತ್ರೆ ಇಟ್ಟಿದ್ದೇನೆ' ಎಂದದ್ದನ್ನು ಕೇಳಿ ಎರಡು ದಿನ ಅವರ ಮನೆಯ ಚಹಾ ಮುಟ್ಟಿರಲಿಲ್ಲ. ಈಗಿನ ಹೊಸ ಟವರುಗಳಲ್ಲಿ ಇದೇ ಜಾಗಕ್ಕೆ 'ಡ್ರೈ ಬಾಲ್ಕನಿ' ಎಂದು ಹೆಸರು. ಮನೆಯಲ್ಲಿ ಎಲ್ಲಕ್ಕಿಂತ ಹಸಿಯಾದ ಜಾಗಕ್ಕೆ ಡ್ರೈ ಎಂದು ಹೆಸರಿಟ್ಟವರು ಯಾರೋ, ಸಾಲದ ಜಾಹೀರಾತು ಬರೆಯುವ ನಮ್ಮವರೇ ಇರಬೇಕು.

ನಮ್ಮ ಮೋರಿಯ ಮೂಲೆಯಲ್ಲಿ ಇಟ್ಟಿಗೆಯ ಒಂದು ಕಟ್ಟೆ, ಅದರ ಮೇಲೆ ಬೂದು ಬಣ್ಣದ ಒಂದು ಹಾಸುಗಲ್ಲು. ಇಲ್ಲಿಯವರು ಅದಕ್ಕೆ 'ಶಹಾಬಾದಿ' ಎನ್ನುತ್ತಾರೆ. ಮುಂಬಯಿ, ಪುಣೆಯ ಹಳೆಯ ಮನೆಗಳಲ್ಲಿ ಮೋರಿಗೆ, ಅಂಗಳಕ್ಕೆ, ಜಿನೆಗೆ ಇದೇ ಕಲ್ಲು. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದದ್ದು. ಪದರು ಪದರಾಗಿ ಏಳುವ ಸುಣ್ಣದ ಕಲ್ಲು, ಹೆಚ್ಚು ಕೆತ್ತುವ ಗರಜಿಲ್ಲದೆ ಹಾಸಬಹುದು. ಮುಂಬಯಿಯಿಂದ ಹೊರಟ ರೈಲುಹಳಿ ರಾಯಚೂರು ಮುಟ್ಟಿದ್ದು 1871ರಲ್ಲಿ, ಶಹಾಬಾದ ಸ್ಟೇಶನ್ನು ಅದೇ ಹಾದಿಯ ಮೇಲೆ. ನಾವೆಲ್ಲ ನೌಕರಿ ಹುಡುಕಿಕೊಂಡು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ನೆಲದ ಕಲ್ಲು ಇಲ್ಲಿ ಬಂದು, ಯಾರ ಕಣ್ಣಿಗೂ ಬೀಳದೆ, ಇವರ ಕಾಲಡಿ ಮಲಗಿದೆ. ಇದನ್ನು ನಾನು ಅವ್ವನಿಗೆ ಹೇಳಿದೆ. ಆಕೆ ಕಲ್ಲಿನ ಮೇಲೆ ಕೈಯಾಡಿಸಿ, 'ಹಂಗಾದ್ರ ನಡೀತದ ಬಿಡು' ಎಂದಳು. ಆವತ್ತಿನಿಂದ ಇಲ್ಲಿದ್ದಾಗಲೆಲ್ಲ ತನ್ನ ಸೀರೆಯನ್ನು ತಾನೇ ಅದರ ಮೇಲೆ ಒಗೆದಳು. ಎಂಬತ್ತು ದಾಟಿದ ಮೇಲೂ.

1997ರಲ್ಲಿ ಮಕ್ಕಳ ಸಾಲೆಯ ಯುನಿಫಾರ್ಮಿನ ನೆಪದಲ್ಲಿ ಒಂದು ಸೆಮಿ ಆಟೊಮ್ಯಾಟಿಕ್ ಮಶೀನು ಬಂತು. ಒಂದು ಗುಂಡಿಯಲ್ಲಿ ಒಗೆತ, ಪಕ್ಕದ ಗುಂಡಿಯಲ್ಲಿ ಹಿಂಡುವುದು, ನಡುವೆ ನಾವು ಎತ್ತಿ ಹಾಕಬೇಕು. ಮೋರಿಯಲ್ಲಿ ಅದಕ್ಕೆ ಜಾಗವಿಲ್ಲ. ಹಾಲಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿರುತ್ತಿತ್ತು, ರವಿವಾರ ಎಳೆದುಕೊಂಡು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸುವುದು. ಮಿಕ್ಸರಿನ ಪ್ಲಗ್ಗು ತೆಗೆದು ಅದಕ್ಕೆ ಕರೆಂಟು. ಆ ಹೊತ್ತಿಗೆ ಚಟ್ನಿ ಬೇಕೆಂದವರಿಗೆ ಚಟ್ನಿ ಇಲ್ಲ.

ಈ ವ್ಯವಸ್ಥೆ ಇಪ್ಪತ್ತೈದು ವರ್ಷ ನಡೆಯಿತೆಂದರೆ ನೀವು ನಂಬಲಿಕ್ಕಿಲ್ಲ. ಕಾರಣ ಸರಳ. ಹೊರಗಿದ್ದ ನಮ್ಮಂಥವರೆಲ್ಲರ ಮನೆಯಲ್ಲಿ ಒಂದು ಮಾತು ಇರುತ್ತದೆ: 'ಹೆಂಗೂ ಊರಿಗೆ ಹೋಗತೀವಲ್ಲ.' ಗೋಡೆಗೆ ಬಣ್ಣ? ಹೆಂಗೂ ಊರಿಗೆ ಹೋಗತೀವಲ್ಲ. ಹೊಸ ಕಪಾಟು? ಹೆಂಗೂ ಊರಿಗೆ ಹೋಗತೀವಲ್ಲ. ಡೊಂಬಿವಿಲಿಯಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಹೆಚ್ಚಿನವರ ಮನೆಯ ಮೋರಿ ಈ ಒಂದು ವಾಕ್ಯದ ಮೇಲೆ ನಿಂತದ್ದು. ನಡುವೆ ನನಗೆ ವಡೋದರಾಕ್ಕೆ, ನಾಗಪುರಕ್ಕೆ ವರ್ಗವಾಯಿತು. ಸಂಸಾರ ಇಲ್ಲೇ ಉಳಿಯಿತು. ಅವ್ವ 2018ರಲ್ಲಿ ಹೋದಳು. ನಾನು ನಿವೃತ್ತನಾದದ್ದು 2019ರಲ್ಲಿ. 2021ರಲ್ಲಿ, ಅಣ್ಣನ ಮಕ್ಕಳು ಒಬ್ಬ ಬೆಂಗಳೂರು ಒಬ್ಬ ಪುಣೆ ಆದ ಮೇಲೆ, ಧಾರವಾಡದ ಮನೆ ಮಾರಾಟವಾಯಿತು. ನನ್ನ ಪಾಲು ಖಾತೆಗೆ ಜಮಾ ಆಯಿತು. ಬಾವಿ, ಕಲ್ಲು, ಪೇರಲ ಗಿಡ ಯಾವುದಕ್ಕೂ ಪಾಸ್‌ಬುಕ್ಕಿನಲ್ಲಿ ಬೇರೆ ಸಾಲು ಇರುವುದಿಲ್ಲ.

ಅದರ ನಡುವೆಯೇ 2020ರ ಲಾಕ್‌ಡೌನು. ನಮ್ಮಲ್ಲಿ ಅರಿವಿ-ಪಾತ್ರೆಗೆ ಬರುತ್ತಿದ್ದ ಮಾವಶಿ ತಿಂಗಳುಗಟ್ಟಲೆ ಬರಲಾಗಲಿಲ್ಲ. ಹಳೆಯ ಮಶೀನಿನ ಹಿಂಡುವ ಭಾಗ ಆಗಲೇ ಕೆಟ್ಟಿತ್ತು, ರಿಪೇರಿಯವನೂ ಇಲ್ಲ. ಚಾದರು ಹಿಂಡುವಾಗ ಒಂದು ತುದಿ ನಾನು, ಒಂದು ತುದಿ ನಮ್ಮಾಕಿ. ಆಕೆಯ ಬೆರಳ ಗೆಣ್ಣುಗಳಲ್ಲಿ ಸಂಧಿವಾತ ಮೊದಲೇ ಇತ್ತು, ಆ ವರ್ಷ ಮುಷ್ಟಿ ಮಡಿಚಲು ಬಾರದಷ್ಟಾಯಿತು. ಬೆಳಿಗ್ಗೆ ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು. ಡಾಕ್ಟರು ಗುಳಿಗೆ ಕೊಟ್ಟು, 'ಹಿಂಡುವ ಕೆಲಸ ಬಿಡಿ' ಎಂದರು. ಮೇಲೆ 2022ರ ಮಳೆಗಾಲದಲ್ಲಿ ಕೆಳಗಿನ ಮನೆಯವರು ಬಂದು ತಮ್ಮ ಅಡಿಗೆಮನೆಯ ಛತ್ತಿನ ಹಸಿರು ಕಲೆಯ ಫೋಟೊ ತೋರಿಸಿದರು. ನಮ್ಮ ಮೋರಿಯ ನೀರು ಅವರ ಸಿಂಕಿನ ಮೇಲೆ ಇಳಿಯುತ್ತಿತ್ತು. ಇಂಥ ಒಳಸೋರಿಕೆಯ ಖರ್ಚು ಮೇಲಿನ ಮನೆಯವರದೇ ಎಂಬುದು ಇಲ್ಲಿಯ ಸೊಸೈಟಿಗಳ ನಿಯಮ. ತೇಪೆ ಹಾಕುವುದೋ, ಪೂರಾ ಮಾಡಿಸುವುದೋ ಎಂದು ನಾನು ವಿಚಾರ ಮಾಡುತ್ತಿದ್ದೆ. ಒಂದು ಸಂಜೆ ನಮ್ಮಾಕಿ ಬಹಳ ಶಾಂತವಾಗಿ ಹೇಳಿದಳು:

'ನೀವು ಊರಿಗೆ ಹೋಗೋದು ಯಾವಾಗ ಅಂತ ತಾರೀಖು ಹೇಳ್ರಿ. ಇಲ್ಲಾ ಈ ಮೋರಿ ನೆಟ್ಟಗ ಮಾಡಸ್ರಿ. ಎರಡರಾಗ ಒಂದು.'

ಬ್ಯಾಂಕಿನವನ ರೂಢಿಯಂತೆ ಒಂದು ಹಾಳೆಯ ನಡುವೆ ಗೆರೆ ಎಳೆದೆ. ಧಾರವಾಡದ ಕಡೆ: ಹವೆ, ಭಾಷೆ, ಸಾಧನಕೇರಿಯ ಸಂಜೆ, ವಿದ್ಯಾವರ್ಧಕ ಸಂಘದ ಕಾರ್ಯಕ್ರಮ, ಉಳಿದ ಮೂರು ಗೆಳೆಯರು. ಡೊಂಬಿವಿಲಿಯ ಕಡೆ: ಠಾಣೆಯಲ್ಲಿ ಮಗಳು-ಮೊಮ್ಮಗ, ಹತ್ತು ನಿಮಿಷದ ಹಾದಿಯಲ್ಲಿ ಡಾಕ್ಟರು, ನಮ್ಮಾಕಿಯ ಭಜನಾ ಮಂಡಳಿ, ಇಲ್ಲಿಯ ಕರ್ನಾಟಕ ಸಂಘ. ಆಕೆ ಹಾಳೆ ನೋಡಿ, 'ಧಾರವಾಡದಾಗ ನಮ್ಮ ಮನಿ ಅಂತ ಬರದೇ ಇಲ್ಲಲ್ಲ' ಅಂದಳು. ಬರೆಯಲು ಇರಲಿಲ್ಲ. ಗದಗದಲ್ಲಿ ಹುಟ್ಟಿದ ಆಕೆ, 'ನನಗ ಊರು ಅಂದ್ರ ಈಗ ಇದ ಆಗೇದ ರೀ, ನೀವೊಬ್ಬರ ಇನ್ನೂ ಗಾಡಿ ಹತ್ತೋರು' ಎಂದೂ ಸೇರಿಸಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಸೊಸೈಟಿಗೆ ಕೆಲಸದ ಪರವಾನಗಿಗೆ ಅರ್ಜಿ ಬರೆದೆ. ಕಾರಣದ ಕಾಲಮಿನಲ್ಲಿ 'ಮೋರಿ ದುರಸ್ತಿ' ಎಂದಷ್ಟೇ ಇತ್ತು.

ಕೆಲಸ ಆದದ್ದು 2023ರ ಫೆಬ್ರವರಿಯಲ್ಲಿ. ಅನುಭವಿಸಿದ್ದನ್ನು ಹೇಳುತ್ತೇನೆ, ನಿಮ್ಮ ಮಕ್ಕಳಿಗಾದರೂ ಉಪಯೋಗವಾದೀತು. ಮಶೀನು ಎಲ್ಲಕ್ಕಿಂತ ಕೊನೆಯದು, ನೆಲ ಎಲ್ಲಕ್ಕಿಂತ ಮೊದಲು. ಹಳೆಯ ಟೈಲು ಕಿತ್ತು, ಮುರಿದ ಇಟ್ಟಿಗೆಯ ಚೂರು-ಸಿಮೆಂಟಿನ 'ಕೋಬಾ' ಹಾಕಿ, ನೀರು ಹೋಗುವ ಜಾಲರಿಯ ಕಡೆಗೆ ಇಳಿಜಾರು ಕೊಟ್ಟರು. ಜಾಲರಿಯ ಕೆಳಗಿನ ಬಟ್ಟಲಿಗೆ ಇಲ್ಲಿ 'ನಹಾಣಿ ಟ್ರ್ಯಾಪ್' ಎಂದು ಹೆಸರು. ಅದರಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು, ಆ ನೀರೇ ಗಟಾರದ ವಾಸನೆಗೂ ಜಿರಳೆಗೂ ಬಾಗಿಲು. ಜಲನಿರೋಧಕ ಲೇಪವನ್ನು ನೆಲಕ್ಕಷ್ಟೇ ಅಲ್ಲ, ಗೋಡೆಯ ಮೇಲೂ ಒಂದಡಿ ಏರಿಸಬೇಕು, ಸೋರುವುದು ಹೆಚ್ಚಾಗಿ ನೆಲ-ಗೋಡೆ ಕೂಡುವ ಮೂಲೆಯಲ್ಲಿ. ಆಮೇಲೆ ಜಾಲರಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿದೆವು. ಕೆಳಗಿನ ಮನೆಯವರು ಹೊತ್ತಿಗೊಮ್ಮೆ ತಮ್ಮ ಛತ್ತು ನೋಡಿ ವರದಿ ಕೊಟ್ಟರು. ಎರಡನೆಯ ದಿನ ಸಂಜೆ ಅವರೇ ಮೇಲೆ ಬಂದು 'ಒಣಗಿದೆ' ಎಂದು ಚಹಾ ಕುಡಿದು ಹೋದರು. ಎಷ್ಟೋ ತಿಂಗಳ ಮೇಲೆ ಕುಡಿದ ಚಹಾ ಅದು.

ಕಟ್ಟೆ ಒಡೆಯುವ ಹೊತ್ತಿಗೆ ಗೌಂಡಿ ಶಹಾಬಾದಿ ಕಲ್ಲನ್ನು ರಾಡಿಯ ಚೀಲದ ಪಕ್ಕ ಇಟ್ಟಿದ್ದ. 'ಗ್ರ್ಯಾನೈಟು ಹಾಕೋಣ ಸಾಹೇಬ್, ಇದು ಯಾಕೆ' ಎಂದು ಹಿಂದಿಯಲ್ಲಿ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ನಮ್ಮಾಕಿ, 'ಅದು ನಮ್ಮ ಅತ್ತಿಯವರ ಕಲ್ಲು, ಇಲ್ಲೇ ಇರಬೇಕು' ಎಂದಳು. ಅವ್ವ ಅದನ್ನು ಧಾರವಾಡದಿಂದ ತಂದಿರಲಿಲ್ಲ, ಬಿಲ್ಡರು ಹಾಕಿದ ಕಲ್ಲು ಅದು. ಆದರೂ ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೌಂಡಿ ಕಟ್ಟೆಯನ್ನು ಅರ್ಧ ಅಡಿಗೆ ಇಳಿಸಿ, ಕೆಳಗೆ ಎಲ್ಲಿಯೂ ಪೊಳ್ಳು ಉಳಿಯದಂತೆ ಗಾರೆ ತುಂಬಿ, ಅದೇ ಕಲ್ಲು ಕೂಡಿಸಿದ. ಪೊಳ್ಳಿದ್ದರೆ ಭಾರ ಬಿದ್ದಾಗ ಸೀಳುತ್ತದೆ. ಸುಣ್ಣದ ಕಲ್ಲಾದ್ದರಿಂದ ಆಮ್ಲ ಹಾಕಿ ತೊಳೆಯಕೂಡದು, ಅದು ಕಲ್ಲನ್ನೇ ತಿನ್ನುತ್ತದೆ. ಈಗ ಮಶೀನು ನಿಂತಿರುವುದು ಅದರ ಮೇಲೆ.

ಕರೆಂಟಿನ ವಿಷಯದಲ್ಲಿ ಕಂಜೂಸಿ ಮಾಡಬಾರದು. ನೀರು ಕಾಯಿಸುವ ಮಶೀನು ಸುಮಾರು 2000 ವ್ಯಾಟ್ ಎಳೆಯುತ್ತದೆ, ಅಂದರೆ ಒಂಬತ್ತು ಆಂಪಿಯರಿನ ಆಸುಪಾಸು. ಮಿಕ್ಸರಿನ 6 ಆಂಪಿಯರ್ ಪ್ಲಗ್ಗು ಅದಕ್ಕೆ ಸಾಲದು. ಮೀಟರಿನ ಕಡೆಯಿಂದ ಬೇರೆ ತಂತಿ, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗು, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹಸಿ ಕಾಲಿನಲ್ಲಿ ನಿಂತವರಿಗೆ ಕರೆಂಟು ತಗಲುವಂತಾದರೆ ಕಣ್ಣು ಮಿಟುಕಿಸುವುದರೊಳಗೆ ಅದು ಕಟ್ಟು ಮಾಡುತ್ತದೆ.

ನೀರಿನ ಒತ್ತಡವೂ ನೋಡಬೇಕು. ಟಾಕಿಯ ನೀರು ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ. ನಮಗೆ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ, ಸಾಕು. ಮೇಲಿನ ಮಾಳಿಗೆಯವರು ಸಣ್ಣ ಪಂಪು ಕೂಡಿಸಬೇಕಾಯಿತು. ಇಲ್ಲಿ ಬರುವುದು ಉಲ್ಹಾಸ ನದಿಯ ನೀರು, ಮೆದು. ಮೇ ತಿಂಗಳಲ್ಲಿ ಟ್ಯಾಂಕರು ಬಂದಾಗ ಮಾತ್ರ ಬೋರಿನ ಗಡಸು ನೀರು. ಅವ್ವನ ಬಾವಿಯ ಕಾಟವೇ. ನೀರು ಕಾಯಿಸುವ ಕಾಯಿಲಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ, ಆಗಾಗ ಅದಕ್ಕೆಂದೇ ಇರುವ ಪುಡಿ ಹಾಕಿ ಖಾಲಿ ಮಶೀನು ಓಡಿಸಬೇಕು.

ಕೊಂಡದ್ದು ಮುಂದೆ ಬಾಗಿಲಿರುವ ಏಳು ಕಿಲೋದ ಮಶೀನು. ನಾಲ್ಕು ಜನ ಏದುಸಿರು ಬಿಡುತ್ತ ಹೊತ್ತು ತಂದರು. ತಿರುಗುವಾಗ ಅಲುಗಬಾರದೆಂದು ಒಳಗೆ ಕಾಂಕ್ರೀಟಿನ ತೂಕ ಇಟ್ಟಿರುತ್ತಾರೆ. ಸಾಗಿಸುವಾಗ ಡ್ರಮ್ಮು ಹೊಯ್ದಾಡದಂತೆ ಹಿಂದೆ ಉದ್ದ ಬೋಲ್ಟುಗಳನ್ನೂ ಬಿಗಿದಿರುತ್ತಾರೆ, ಅವನ್ನು ಬಿಚ್ಚಿದ ಮೇಲೆಯೇ ಚಾಲೂ ಮಾಡಬೇಕು. ಪಕ್ಕದ ಓಣಿಯಲ್ಲಿ ಒಬ್ಬರ ಮಶೀನು ಹಾಗೇ ಚಾಲೂ ಆಗಿ ನಡೆದುಕೊಂಡು ಅಡಿಗೆಮನೆಗೆ ಬಂದಿತ್ತಂತೆ. ನಮ್ಮಾಕಿ ಲೆಕ್ಕ ಇಟ್ಟು ನೋಡಿದಳು: ಮೊದಲು ಅಷ್ಟೇ ಅರಿವಿಗೆ ಎಂಟು-ಒಂಬತ್ತು ಬಕೆಟ್ ನೀರು, ಈಗ ನಾಲ್ಕು. ಕೊನೆಯ ಸಲ ಜಾಲಾಡಿಸಿದ ನೀರನ್ನು ಪೈಪಿನ ಕೆಳಗೆ ಬಕೆಟ್ಟಿಟ್ಟು ಹಿಡಿದು ಸಂಡಾಸಕ್ಕೆ ಬಳಸುತ್ತಾಳೆ. ಬಾವಿಯಿಂದ ಸೇದಿದವರ ಸೊಸೆ, ನೀರು ಬಿಡುವಾಕೆಯಲ್ಲ.

ಇನ್ನು ಮಾವಶಿಯ ವಿಷಯ. ಆಕೆ ಅಕ್ಕಲಕೋಟೆಯ ಕಡೆಯವಳು, ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುತ್ತಾಳೆ. ಇಲ್ಲಿ ಪ್ರತಿ ಕೆಲಸಕ್ಕೂ ಬೇರೆ ಬೇರೆ ಪಗಾರ: ಪಾತ್ರೆಗಿಷ್ಟು, ಕಸ-ನೆಲಕ್ಕಿಷ್ಟು, ಅರಿವಿಗಿಷ್ಟು. ಮಶೀನು ಬಂದ ಮನೆಯಲ್ಲಿ ಅರಿವಿಯ ಬಾಬ್ತು ಕಡಿತ, ಇದು ಓಣಿಯ ರೂಢಿ. ಕಟ್ಟೆ ಒಡೆಯುವುದನ್ನು ನೋಡುತ್ತ ಆಕೆ ಬಾಗಿಲಲ್ಲಿ ನಿಂತಿದ್ದಳು. 'ಕಾಕಾ, ಮಶೀನ ತರ್ರಿ, ಕಾಕೂನ ಕೈ ನನಗೂ ಕಾಣತದ. ಆದರ ನನ್ನ ಪಗಾರ ಕಡಿಮಿ ಮಾಡಬ್ಯಾಡ್ರಿ. ಮೂರು ಮನಿಯಾಗ ಮಶೀನ ಬಂದಾವ ಈ ವರ್ಷ.' ಮಗಳ ನರ್ಸಿಂಗ್ ಫೀ ಕಟ್ಟುವುದಿತ್ತು ಆಕೆಗೆ. ನಲವತ್ತು ಸಾವಿರದ ಆಸುಪಾಸು ನೆಲಕ್ಕೆ, ಮೂವತ್ತು ಸಾವಿರ ದಾಟಿ ಮಶೀನಿಗೆ ಕೊಟ್ಟವನು ತಿಂಗಳಿಗೆ ಏಳುನೂರು ರೂಪಾಯಿ ಉಳಿಸಿ ಏನು ಮಾಡುವುದು? ಪಗಾರ ಹಾಗೇ ಉಳಿಯಿತು, ಕೆಲಸ ಬದಲಾಯಿತು. ಅರಿವಿ ಹಾಕುವುದು, ಹರವುವುದು, ಮಡಿಚುವುದು, ನಮ್ಮಾಕಿಗೆ ಕಾಯಿಪಲ್ಲೆ ಹೆಚ್ಚಿ ಕೊಡುವುದು. ಮಶೀನಿನ ಯಾವ ಗುಂಡಿ ಯಾವುದಕ್ಕೆ ಎಂದು ಈಗ ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಭುಜದ ನೋವೂ ಕಡಿಮೆಯಾಗಿದೆ ಎನ್ನುತ್ತಾಳೆ, ಅಂಥದೊಂದು ನೋವು ಇತ್ತೆಂಬುದನ್ನು ಅಲ್ಲಿಯವರೆಗೆ ಹೇಳಿರಲಿಲ್ಲ.

ಒಣಗಿಸುವುದೊಂದು ಉಳಿದಿತ್ತು. ಜೂನಿನಿಂದ ಸೆಪ್ಟೆಂಬರಿನ ತನಕ ಈ ಊರಿನಲ್ಲಿ ಅರಿವಿ ಒಣಗುವುದಿಲ್ಲ, ಕೊಳೆಯುತ್ತದೆ. ಮಶೀನು ಹಿಂಡಿ ಕೊಟ್ಟರೂ ಗಾಳಿಯಲ್ಲೇ ನೀರಿರುವಾಗ ಅರಿವಿಯ ನೀರು ಹೋಗಲು ಜಾಗವೆಲ್ಲಿ? ಮೋರಿಯ ಛತ್ತಿಗೆ ಹಗ್ಗ-ಗಾಲಿಯ ಉಕ್ಕಿನ ಗಳುಗಳನ್ನು ಹಾಕಿಸಿದೆವು, ಕಿಟಕಿಗೆ ಗಾಳಿ ಹೊರಗೆ ತಳ್ಳುವ ಸಣ್ಣ ಫ್ಯಾನು. ಹಗ್ಗ ಜಗ್ಗಿದರೆ ಗಳು ಕೆಳಗೆ ಬರುತ್ತದೆ, ಅರಿವಿ ಹರವಿ ಬಿಟ್ಟರೆ ಮೇಲೇರುತ್ತದೆ. ಎರಡು ಅರಿವಿಯ ನಡುವೆ ಒಂದು ಗೇಣು ಬಿಟ್ಟು ಹರವಿದರೆ ಒಂದೂವರೆ ದಿನಕ್ಕೆ ವಾಸನೆಯಿಲ್ಲದೆ ಒಣಗುತ್ತದೆ. ಕೋಲು ಬೇಕಾಗಿಲ್ಲ. ಮೊಮ್ಮಗ ಮಾತ್ರ ಅದರ ಕೆಳಗೆ ತಲೆ ತಗ್ಗಿಸಿಯೇ ಓಡಾಡುತ್ತಾನೆ, ತಗಲುವಷ್ಟು ಎತ್ತರ ಆತ ಇನ್ನೂ ಬೆಳೆದಿಲ್ಲ, ಆದರೂ.

ನಮ್ಮಾಕಿಯ ಗೆಣ್ಣುಗಳು ಪೂರ್ತಿ ಗುಣವಾಗಿಲ್ಲ, ಆಗುವ ರೋಗವೂ ಅಲ್ಲ. ಆದರೆ ಚಹಾದ ಕಪ್ಪನ್ನು ಒಂದೇ ಕೈಯಲ್ಲಿ ಹಿಡಿಯುತ್ತಾಳೆ. ಧಾರವಾಡಕ್ಕೆ ವರ್ಷಕ್ಕೆರಡು ಸಲ ಹೋಗುತ್ತೇವೆ, ಗೆಳೆಯರ ಮನೆಯಲ್ಲಿ ಇಳಿಯುತ್ತೇವೆ, ಫೇಡೆ ತರುತ್ತೇವೆ. 'ಯಾವಾಗ ಬರ್ತೀರಿ ಕಾಯಂ?' ಎಂದು ಅಲ್ಲಿ ಯಾರಾದರೂ ಕೇಳಿದರೆ ನಾನು ಇನ್ನೂ 'ನೋಡೋಣು' ಎನ್ನುತ್ತೇನೆ. ನಮ್ಮಾಕಿ ಸುಮ್ಮನೆ ನಗುತ್ತಾಳೆ, ಆಕೆಗೆ ಮೋರಿಯ ಖರ್ಚು ಗೊತ್ತು.

ಊರಲ್ಲಿರುವ ತಾಯಿ-ತಂದೆಯರಿಗೆ ಒಂದು ಮಾತು. ಪುಣೆಗೋ, ಹೈದರಾಬಾದಿಗೋ, ದಿಲ್ಲಿಗೋ ಮಗನ ಮನೆ ನೋಡಲು ಹೋದಾಗ ಹಾಲಿನ ಸೋಫಾ, ಗೋಡೆಯ ಟಿವಿ ನೋಡಿ ಲೆಕ್ಕ ಹಾಕಬೇಡಿ. ಅವು ಲಾರಿ ಹತ್ತುವ ಸಾಮಾನು. ಹಿಂದೆ ಹೋಗಿ ಅರಿವಿ ಒಗೆಯುವ ಜಾಗ ನೋಡಿರಿ. ಅಲ್ಲಿ ನೆಲ ಅಗೆದು ಇಳಿಜಾರು ಸರಿ ಮಾಡಿಸಿದ್ದರೆ, ಗೋಡೆಯೊಳಗೆ ಬೇರೆ ತಂತಿ ಎಳೆಸಿದ್ದರೆ, ಮಗ ಅಲ್ಲಿ ನೆಲೆ ನಿಂತಾನೆ ಎಂದು ತಿಳಿಯಿರಿ. ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಸೀರೆ-ಧೋತರ ಅಲ್ಲೇ ಒಗೆಯಲು ಹಾಕಿ ನಾಲ್ಕು ದಿನ ಹೆಚ್ಚಿಗೆ ಇದ್ದು ಬನ್ನಿ.